‘ಹೋಗಿದ್ದೆ’ ಎಂದ ಕೂಡಲೇ ‘ಹ್ಯಾಡ್ ಗಾನ್’ ಬೇಡ

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಪತ್ರಿಕೆಗಳ ವಿದ್ಯಾರ್ಥಿ ಪುಟದಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಮೂರು ಕಾಲಮ್ಮಿನ ಪಟ್ಟಿ ಬರುವುದು ವಾಡಿಕೆ. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಕತ್ತರಿಸಿಟ್ಟುಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಪಟ್ಟಿಯ ಬಗ್ಗೆ ತಕರಾರಿಲ್ಲ. ಆದರೆ ಪಟ್ಟಿ ನಿರರ್ಗಳವಾಗಿ ಒಪ್ಪಿಸುವ ಹುಡುಗನೇ ಉತ್ತರಪತ್ರಿಕೆಯಲ್ಲಿ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಗೋಕರ್ಣ’ ಎಂದು ಬರೆಯುತ್ತಾನೆ, ‘ಡಿಡ್ ಯೂ ವೆಂಟ್?’ ಎಂದು ಕೇಳುತ್ತಾನೆ. ಅವನಿಗೆ ರೂಪಗಳೆಲ್ಲ ಬರುತ್ತವೆ. ಯಾವ ರೂಪ ಎಲ್ಲಿ ಕೂರಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಹೇಳಿಕೊಡಬೇಕಾದರೆ ಮೊದಲು ಕನ್ನಡದ ಭೂತಕಾಲವನ್ನು ನೋಡಬೇಕು, ಏಕೆಂದರೆ ಈ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

‘ನಿನ್ನೆ ಶಿರಸಿಗೆ ಹೋಗಿದ್ದೆ’ ಎನ್ನುವುದು ಅಚ್ಚುಕಟ್ಟಾದ ಕನ್ನಡ. ಹೋಗಿ ಕೆಲಸ ಮುಗಿಸಿ ತಿರುಗಿ ಬಂದಾಯಿತು ಎಂಬುದೂ ಆ ಒಂದು ಪದದಲ್ಲೇ ಇದೆ. ಬರೀ ‘ನಿನ್ನೆ ಶಿರಸಿಗೆ ಹೋದೆ’ ಎಂದರೆ ಕೇಳುವವರು ‘ಹೋಗಿ?’ ಎಂದು ಮುಂದಿನ ಮಾತಿಗೆ ಕಾಯುತ್ತಾರೆ. ಹಾಗಾಗಿ ಒಂಟಿ ಸಂಗತಿ ಹೇಳುವಾಗ ನಮ್ಮ ಬಾಯಿಗೆ ತಾನಾಗಿ ಬರುವುದು ‘ಹೋಗಿದ್ದೆ, ನೋಡಿದ್ದೆ, ಹೇಳಿದ್ದೆ’. ವ್ಯಾಕರಣ ಪುಸ್ತಕದಲ್ಲಿ ‘ಹೋಗಿದ್ದೆ’ಯ ಎದುರು ‘ಹ್ಯಾಡ್ ಗಾನ್’ ಎಂದು ಅಚ್ಚಾಗಿರುವುದನ್ನು ನೋಡಿದ ಮಗು ಅದನ್ನೇ ನಂಬುತ್ತದೆ. ಇಂಗ್ಲಿಷಿನ ಹ್ಯಾಡ್‌ಗೆ ಮರಳಿ ಬಂದದ್ದರ ಗೊಡವೆಯಿಲ್ಲ. ಕಳೆದುಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲಿನದು ಎಂದು ತೋರಿಸುವುದಷ್ಟೇ ಅದರ ಕೆಲಸ. ವಾಕ್ಯದಲ್ಲೋ ಹಿಂದಿನ ವಾಕ್ಯದಲ್ಲೋ ಎರಡನೆಯ ಸಂಗತಿ ಇಲ್ಲದಿದ್ದರೆ ಹ್ಯಾಡ್‌ಗೆ ಕೆಲಸವೇ ಇಲ್ಲ. ‘ಐ ವೆಂಟ್ ಟು ಶಿರಸಿ ಯೆಸ್ಟರ್‌ಡೇ’, ಅಲ್ಲಿಗೆ ಮುಗಿಯಿತು.

ಹ್ಯಾಡ್‌ಗೆ ನಿಜವಾದ ಕೆಲಸ ಇರುವ ಉದಾಹರಣೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೊದಲು ಅದು ಮುಂಬಯಿ ಆಡಳಿತದಲ್ಲಿತ್ತು. ಸೇರಿದ್ದು ‘ಜಾಯಿನ್ಡ್’. ಅದಕ್ಕೂ ಹಿಂದಿನ ಸ್ಥಿತಿ ‘ಹ್ಯಾಡ್ ಬೀನ್ ಪಾರ್ಟ್ ಆಫ್ ಬಾಂಬೆ ಸ್ಟೇಟ್’. ಇನ್ನೊಂದು: ‘ವೆನ್ ವಿ ರೀಚ್ಡ್ ಕುಮಟಾ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂದರೆ ನಾವು ತಲುಪುವ ಹೊತ್ತಿಗೆ ಪ್ಲಾಟ್‌ಫಾರ್ಮ್ ಖಾಲಿ. ‘ಹ್ಯಾಡ್’ ತೆಗೆದು ‘ದ ಟ್ರೇನ್ ಲೆಫ್ಟ್’ ಎಂದರೆ ನಾವು ತಲುಪಿದ ಮೇಲೆ, ನಮ್ಮ ಕಣ್ಣೆದುರೇ ರೈಲು ಹೊರಟಿತು ಎಂದಾಗುತ್ತದೆ. ಎರಡೂ ವ್ಯಾಕರಣಕ್ಕೆ ಸರಿ, ಅರ್ಥ ಬೇರೆ. ಈ ಎರಡು ವಾಕ್ಯಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಚರ್ಚಿಸಿದರೆ ಅರ್ಧ ತಾಸಿನಲ್ಲಿ ಹ್ಯಾಡ್ ಅರ್ಥವಾಗುತ್ತದೆ. ಸೂತ್ರ ಒಂದನ್ನೇ ಬರೆಸಿದರೆ ವರ್ಷವಾದರೂ ಆಗುವುದಿಲ್ಲ. ಬಿಫೋರ್, ಆಫ್ಟರ್ ಇರುವ ವಾಕ್ಯದಲ್ಲಿ ಕ್ರಮ ಆ ಪದಗಳಿಂದಲೇ ತಿಳಿಯುವುದರಿಂದ ಹ್ಯಾಡ್ ಐಚ್ಛಿಕ. ‘ಆಫ್ಟರ್ ಹಿ ಫಿನಿಶ್ಡ್ ದ ಎಕ್ಸಾಮ್, ಹಿ ವೆಂಟ್ ಹೋಮ್’ ಎಂಬುದಕ್ಕೆ ಕೆಂಪು ಗೆರೆ ಎಳೆಯಬೇಕಾಗಿಲ್ಲ.

ಎರಡನೆಯ ತೊಡಕು ‘ಹೋಗಿದ್ದೇನೆ, ಮುಗಿಸಿದ್ದೇನೆ, ನಡೆದಿದೆ’ ಎಂಬ ರೂಪದ್ದು. ಇದರಲ್ಲಿ ಪತ್ರಿಕೆಗಳ ಪಾಲೂ ಇದೆ ಎಂದರೆ ಬೇಸರಿಸಬೇಡಿ. ‘ಘಟನೆ ಸೋಮವಾರ ರಾತ್ರಿ ನಡೆದಿದೆ’, ‘ಸಚಿವರು ನಿನ್ನೆ ತಿಳಿಸಿದ್ದಾರೆ’ ಎಂಬುದು ನಮ್ಮ ಸುದ್ದಿಭಾಷೆಯ ರೂಢಿ. ಕನ್ನಡದಲ್ಲಿ ಅದು ಪೂರ್ತಿ ಸರಿ. ಅದನ್ನು ಹಾಗೆಯೇ ಎತ್ತಿ ‘ದ ಇನ್ಸಿಡೆಂಟ್ ಹ್ಯಾಸ್ ಹ್ಯಾಪನ್ಡ್ ಆನ್ ಮಂಡೇ ನೈಟ್’ ಎಂದು ಇಂಗ್ಲಿಷಿಗೆ ಹಾಕಿದರೆ ತಪ್ಪು. ಮುಗಿದುಹೋದ ಕಾಲವನ್ನು ಹೆಸರಿಸಿದ ವಾಕ್ಯದಲ್ಲಿ ಇಂಗ್ಲಿಷ್ ಹ್ಯಾವ್, ಹ್ಯಾಸ್ ಸಹಿಸುವುದಿಲ್ಲ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 1998, ವೆನ್ ಐ ವಾಸ್ ಇನ್ ಸೆವೆಂತ್, ಇವುಗಳಲ್ಲಿ ಒಂದು ಕಂಡರೂ ಎರಡನೇ ಕಾಲಮ್ಮಿಗೇ ಹೋಗಬೇಕು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ದಿನಾಂಕ ಹಾಕಿದರೆ ‘ಕೊಲ್ಯಾಪ್ಸ್ಡ್’. ದಿನಾಂಕ ಹಾಕದೆ, ಈಗ ತಾನೇ ಸುದ್ದಿ ಮುಟ್ಟಿಸುವಾಗ ‘ದ ಓಲ್ಡ್ ಬ್ರಿಜ್ ಹ್ಯಾಸ್ ಕೊಲ್ಯಾಪ್ಸ್ಡ್’.

ಇದರಿಂದ ಆಗುವ ನಷ್ಟ ಪರೀಕ್ಷೆಗಷ್ಟೇ ನಿಲ್ಲುವುದಿಲ್ಲ. ಕೈಗಾ ಇರಲಿ, ನೌಕಾನೆಲೆಯ ಗುತ್ತಿಗೆ ಕೆಲಸ ಇರಲಿ, ಗೋವಾದ ಹೋಟೆಲ್ ಇರಲಿ, ಅರ್ಜಿಯ ಮೊದಲ ಸಾಲಿನಲ್ಲೇ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2021’ ಎಂದಿರುತ್ತದೆ. ‘ಮುಗಿಸಿದ್ದೇನೆ’ ಎಂಬುದರ ನೇರ ಅನುವಾದ. ಇಸವಿ ಬೇಕೆಂದರೆ ‘ಐ ಕಂಪ್ಲೀಟೆಡ್’. ಹ್ಯಾವ್ ಬೇಕೆಂದರೆ ಇಸವಿ ತೆಗೆಯಿರಿ. ಹಾಗೆಯೇ ‘ವೆನ್ ಹ್ಯಾವ್ ಯೂ ಕಮ್?’ ಎಂಬ ಪ್ರಶ್ನೆ. ವೆನ್ ಎಂದು ಶುರುವಾದ ಮೇಲೆ ಕಾಲವನ್ನೇ ಕೇಳಿದಂತಾಯಿತು, ಆದ್ದರಿಂದ ‘ವೆನ್ ಡಿಡ್ ಯೂ ಕಮ್?’ ಆಗಬೇಕು. ಇನ್ನೊಂದು ಸೂಕ್ಷ್ಮ: ‘ಹಿ ಹ್ಯಾಸ್ ಗಾನ್ ಟು ಗೋವಾ’ ಎಂದರೆ ಮನುಷ್ಯ ಇನ್ನೂ ಅಲ್ಲೇ ಇದ್ದಾನೆ, ‘ಹ್ಯಾಸ್ ಬೀನ್ ಟು ಗೋವಾ’ ಎಂದರೆ ಹೋಗಿ ಬಂದವನು. ನಮ್ಮ ‘ಹೋಗಿದ್ದಾನೆ’ ಎರಡಕ್ಕೂ ಸಲ್ಲುತ್ತದೆ, ಅದಕ್ಕೇ ಗಲಿಬಿಲಿ.

‘ಹೋಗುತ್ತಿದ್ದೆ’ ಬಗ್ಗೆ ಹೆಚ್ಚು ಹೇಳುವುದು ಬೇಡ, ಆದರೂ ಅದು ಎರಡು ಅರ್ಥದ ಪದ ಎಂಬುದನ್ನು ಮಕ್ಕಳಿಗೆ ಎತ್ತಿ ತೋರಿಸಬೇಕು. ಒಂದು ಗಳಿಗೆಯಲ್ಲಿ ನಡೆಯುತ್ತಿದ್ದದ್ದು: ದೇವಿಮನೆ ಘಟ್ಟದಲ್ಲಿ ಬಸ್ ಕೆಟ್ಟು ನಿಂತಾಗ ಮಳೆ ಸುರಿಯುತ್ತಿತ್ತು, ‘ಇಟ್ ವಾಸ್ ರೇನಿಂಗ್’. ಇನ್ನೊಂದು ಹಿಂದಿನ ರೂಢಿ: ಸೇತುವೆ ಆಗುವ ಮೊದಲು ಜನ ದೋಣಿಯಲ್ಲಿ ಕಾಳಿ ನದಿ ದಾಟುತ್ತಿದ್ದರು, ‘ಪೀಪಲ್ ಯೂಸ್ಡ್ ಟು ಕ್ರಾಸ್’. ಇದಕ್ಕೆ ‘ವರ್ ಕ್ರಾಸಿಂಗ್’ ಎಂದರೆ ಎಲ್ಲರೂ ಒಂದೇ ಹೊತ್ತಿಗೆ ನಡುಹೊಳೆಯಲ್ಲಿ ಇದ್ದಂತೆ ಕೇಳುತ್ತದೆ. ಯೂಸ್ಡ್ ಟು ಕಲಿತ ಮೇಲೆ ಮತ್ತೊಂದು ಖಾಯಿಲೆ ಶುರುವಾಗುತ್ತದೆ: ಈಗಿನ ದಿನಚರಿಗೂ ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಎನ್ನುವುದು. ಕೇಳಿದವರು ‘ಈಗ ಬಿಟ್ಟೆಯಾ?’ ಎಂದುಕೊಳ್ಳುತ್ತಾರೆ. ಈಗಲೂ ಏಳುವವನು ‘ಐ ಯೂಶುವಲಿ ಗೆಟ್ ಅಪ್’ ಎನ್ನಬೇಕು. ಉಚ್ಚಾರಣೆಯಲ್ಲಿ ಯೂಸ್ಡ್ ಟು ಎಂಬುದು ‘ಯೂಸ್ಟು’, ನಡುವೆ ಡಕಾರ ಕೇಳಿಸುವುದಿಲ್ಲ.

ಇನ್ನು ಡಿಡ್. ಇಲ್ಲಿ ಕನ್ನಡ ಅರ್ಧ ದಾರಿ ಜೊತೆಗೆ ಬರುತ್ತದೆ, ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಎಲ್ಲಿ ಬಿಡುತ್ತದೆ ಎಂಬುದನ್ನು ಗಮನಿಸಿದ ಪಾಠ ಅಪರೂಪ. ಬಂದೆ, ಬರಲಿಲ್ಲ. ತಿಂದೆ, ತಿನ್ನಲಿಲ್ಲ. ಕೊಟ್ಟೆ, ಕೊಡಲಿಲ್ಲ. ಯಾವ ಮಗುವೂ ‘ಬಂದಲಿಲ್ಲ’, ‘ಕೊಟ್ಟಲಿಲ್ಲ’ ಎನ್ನುವುದಿಲ್ಲ. ‘ಇಲ್ಲ’ ಬಂದ ಕೂಡಲೇ ಮೂಲ ಕ್ರಿಯಾಪದ ತನ್ನ ಭೂತಕಾಲದ ಗುರುತನ್ನು ಕಳಚಿಡುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ: ಕೇಮ್, ಡಿಡ್ ನಾಟ್ ಕಮ್. ಏಟ್, ಡಿಡ್ ನಾಟ್ ಈಟ್. ಗೇವ್, ಡಿಡ್ ನಾಟ್ ಗಿವ್. ಕನ್ನಡದ ಜೋಡಿಯನ್ನೂ ಇಂಗ್ಲಿಷಿನ ಜೋಡಿಯನ್ನೂ ಎದುರುಬದುರು ಹೇಳಿಸಿದರೆ ‘ಡಿಡ್ ನಾಟ್ ವೆಂಟ್’ ಎಂಬ ತಪ್ಪು ಬೇಗ ಉದುರುತ್ತದೆ. ಪ್ರಶ್ನೆಯಲ್ಲಿ ಹಾಗಿಲ್ಲ. ‘ಬಂದೆಯಾ? ತಿಂದೆಯಾ? ಹೋದೆಯಾ?’ ಎನ್ನುವಾಗ ಕನ್ನಡ ಭೂತಕಾಲದ ಗುರುತನ್ನು ಉಳಿಸಿಕೊಳ್ಳುತ್ತದೆ. ನಿರಾಕರಣೆಯಲ್ಲಿ ತಪ್ಪದ ಹುಡುಗಿ ಪ್ರಶ್ನೆಯಲ್ಲಿ ‘ಡಿಡ್ ಯೂ ವೆಂಟ್?’ ಎಂದು ಮತ್ತೆ ಜಾರುವುದು ಇದಕ್ಕೇ. ಆದ್ದರಿಂದ ಪ್ರಶ್ನೆಯನ್ನು ಹೇಳಿಕೆಯಿಂದ ನೇರ ಕಟ್ಟಿಸಬಾರದು. ಮೊದಲು ‘ಯೂ ಡಿಡ್ ನಾಟ್ ಗೋ’ ಬರೆಸಿ, ನಾಟ್ ಹೊಡೆದುಹಾಕಿಸಿ, ಡಿಡ್ ಅನ್ನು ಮುಂದಕ್ಕೆ ತರಿಸಿ: ‘ಡಿಡ್ ಯೂ ಗೋ?’ ನಡುವಿನ ಈ ಮೆಟ್ಟಿಲು ಒಂದು ವಾರ ಇರಲಿ, ಆಮೇಲೆ ತಾನೇ ಬಿಟ್ಟುಹೋಗುತ್ತದೆ.

ಡಿಡ್ ಬೇಡದ ಜಾಗಗಳೂ ಇವೆ. ಪರೀಕ್ಷೆಯಲ್ಲಿ ಅಡಿಗೆರೆ ಎಳೆದ ಪದವೇ ಉತ್ತರವಾಗುವಂತೆ ಪ್ರಶ್ನೆ ರಚಿಸಿ ಎಂದು ಕೇಳುತ್ತಾರಲ್ಲ, ಅಲ್ಲಿ ಗೆರೆ ಕರ್ತೃಪದದ ಕೆಳಗಿದ್ದರೆ ಡಿಡ್ ಬರಕೂಡದು. ‘ರವಿ ಬ್ರೋಕ್ ದ ಗ್ಲಾಸ್’ ಎಂಬಲ್ಲಿ ರವಿಗೆ ಗೆರೆ ಇದ್ದರೆ ‘ಹೂ ಬ್ರೋಕ್ ದ ಗ್ಲಾಸ್?’, ಗ್ಲಾಸಿಗೆ ಗೆರೆ ಇದ್ದರೆ ‘ವಾಟ್ ಡಿಡ್ ರವಿ ಬ್ರೇಕ್?’. ವಾಸ್, ವರ್ ಜೊತೆಗೂ ಡಿಡ್ ಸೇರುವುದಿಲ್ಲ. ‘ಇರಲಿಲ್ಲ’ ಎಂದರೆ ‘ವಾಸ್ ನಾಟ್’ ಅಷ್ಟೇ. ವಾಸ್ ಪಕ್ಕದಲ್ಲಿ ಎರಡನೇ ಕಾಲಮ್ಮಿನ ರೂಪ ಎಂದೂ ಕೂರುವುದಿಲ್ಲ. ‘ಐ ವಾಸ್ ವೆಂಟ್’ ಎಂಬ ವಾಕ್ಯ ಎಂಟನೇ ತರಗತಿಯ ನೋಟ್‌ಬುಕ್ಕುಗಳಲ್ಲಿ ಇವತ್ತಿಗೂ ಯಥೇಚ್ಛ ಸಿಗುತ್ತದೆ.

ಕನ್ನಡದ ಮಕ್ಕಳನ್ನು ಕಾಡುವ ಇನ್ನೊಂದು ಸಂಗತಿ ಪಾಠಗಳಲ್ಲಿ ಬರುವುದೇ ಇಲ್ಲ. ‘ಜಾತ್ರೆಗೆ ಹೋಗಿ, ಬತ್ತಾಸು ತಿಂದು, ಬಳೆ ಕೊಂಡು ಮನೆಗೆ ಬಂದೆವು.’ ನಾಲ್ಕು ಕೆಲಸಗಳಲ್ಲಿ ಕಾಲದ ಗುರುತು ಇರುವುದು ಕೊನೆಯದಕ್ಕೆ ಮಾತ್ರ. ಇಂಗ್ಲಿಷಿನಲ್ಲಿ ಆ್ಯಂಡ್ ಹಾಕಿ ಜೋಡಿಸುವಾಗ ನಾಲ್ಕಕ್ಕೂ ಗುರುತು ಬೇಕು: ವೆಂಟ್, ಏಟ್, ಬಾಟ್ ಆ್ಯಂಡ್ ಕೇಮ್. ಮಕ್ಕಳು ಕನ್ನಡದ ಲೆಕ್ಕದಲ್ಲಿ ‘ವಿ ಗೋ ಟು ಜಾತ್ರೆ, ಈಟ್ ಬತ್ತಾಸು ಆ್ಯಂಡ್ ಕೇಮ್ ಹೋಮ್’ ಎಂದು ಬರೆಯುತ್ತಾರೆ. ಸುಳಿವು ಬಳಸಿ ಕಥೆ ಬೆಳೆಸುವ ಪ್ರಶ್ನೆಯಲ್ಲಿ ಈ ತಪ್ಪು ಸಾಲುಸಾಲಾಗಿ ಕಾಣಿಸುತ್ತದೆ, ಸುಳಿವುಗಳು ಮೂಲರೂಪದಲ್ಲೇ ಇದ್ದರೆ ಇನ್ನೂ ಹೆಚ್ಚು. ಬರೆದು ಮುಗಿಸಿದ ಮೇಲೆ ಪ್ರತಿ ಆ್ಯಂಡ್‌ನ ಎರಡೂ ಬದಿಯ ಕ್ರಿಯಾಪದಕ್ಕೆ ಬೆರಳಿಟ್ಟು ನೋಡಿಕೊಳ್ಳುವ ಅಭ್ಯಾಸ ಮಾಡಿಸಿದರೆ ಸಾಕು. ‘ಬರುತ್ತೇನೆ ಎಂದ’ ಎಂಬಂಥ ವಾಕ್ಯಗಳ ಕಥೆಯೂ ಹೀಗೇ. ಕನ್ನಡದ ‘ಎಂದು’ ಹೇಳಿದವನ ಮಾತನ್ನು ಹಾಗೆಯೇ ಉಳಿಸುತ್ತದೆ. ಇಂಗ್ಲಿಷಿನಲ್ಲಿ ‘ಸೆಡ್’ ಆದ ಮೇಲೆ ‘ವಿಲ್’ ‘ವುಡ್’ ಆಗಿ, ‘ಐ’ ‘ಹಿ’ ಆಗಿ, ‘ಟುಮಾರೋ’ ‘ದ ನೆಕ್ಸ್ಟ್ ಡೇ’ ಆಗಬೇಕು.

ಇದೆಲ್ಲ ಕೇಳಿ ಇಂಗ್ಲಿಷ್ ಕಷ್ಟ ಎಂದು ಹೆದರಬೇಕಾಗಿಲ್ಲ. ನಮ್ಮ ಕರಾವಳಿಯ ಮಕ್ಕಳು ಮನೆಯಲ್ಲಿ ಹವಿಗನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ಭಟ್ಕಳದಲ್ಲಿ ನವಾಯತಿ ಆಡಿಕೊಂಡು ಶಾಲೆಗೆ ಬರುವವರು. ಕನ್ನಡದಲ್ಲಿ ಹೋದೆ, ಹೋದೆವು, ಹೋದ, ಹೋದಳು, ಹೋದರು, ಹೋಯಿತು. ಕೊಂಕಣಿಯಲ್ಲಿ ಗೆಲೊ, ಗೆಲಿ, ಗೆಲೆಂ. ಇಂಗ್ಲಿಷಿನಲ್ಲಿ ಯಾರೇ ಹೋಗಲಿ ‘ವೆಂಟ್’ ಒಂದೇ. ಬದಲಾಗುವುದು ವಾಸ್, ವರ್ ಮಾತ್ರ.

ಇ-ಡಿ ಸೇರಿಸುವ ಕ್ರಿಯಾಪದಗಳಲ್ಲಿ ಉಚ್ಚಾರಣೆಯನ್ನು ಕಡೆಗಣಿಸುವುದೇ ಕಾಗುಣಿತದ ತಪ್ಪಿಗೆ ಮೂಲ. ಬರೆಯುವುದು ಒಂದೇ ರೀತಿ, ಕೇಳುವುದು ಮೂರು ರೀತಿ. ಗಂಟಲ ಮೇಲೆ ಬೆರಳಿಟ್ಟು ಮೂಲಪದದ ಕೊನೆಯ ಧ್ವನಿ ಹೇಳಿ. ಕಂಪನ ಇಲ್ಲದಿದ್ದರೆ ‘ಟ್’: ವಾಕ್ಟ್, ವಾಶ್ಟ್, ಸ್ಟಾಪ್ಟ್, ಲಾಫ್ಟ್. ಕಂಪನ ಇದ್ದರೆ ‘ಡ್’: ಪ್ಲೇಡ್, ಕಾಲ್ಡ್, ಲಿವ್ಡ್. ಮೂಲಪದವೇ ಟಕಾರ ಅಥವಾ ಡಕಾರದಲ್ಲಿ ಮುಗಿದರೆ ಮಾತ್ರ ಇನ್ನೊಂದು ಪೂರ್ತಿ ಉಚ್ಚಾರ: ವಾಂಟಿಡ್, ನೀಡಿಡ್. ಪುಸ್ತಕ ನೋಡಿ ‘ವಾಕೆಡ್, ವಾಶೆಡ್’ ಎಂದು ಓದಿಸಿದ ಮಗುವಿಗೆ ಯಾರಾದರೂ ಸರಿಯಾಗಿ ‘ವಾಕ್ಟ್’ ಎಂದರೆ ಕೊನೆಯ ಟಕಾರ ಕಿವಿಗೇ ಬೀಳುವುದಿಲ್ಲ. ಉಕ್ತಲೇಖನದಲ್ಲಿ ‘ವಾಕ್’ ಎಂದಷ್ಟೇ ಬರೆದು ಇ-ಡಿ ಬಿಡುತ್ತದೆ.

ಕಾಗುಣಿತದಲ್ಲಿ ಹೆಚ್ಚು ಅಂಕ ತಿನ್ನುವುದು ಕೊನೆಯ ಅಕ್ಷರ ದ್ವಿತ್ವವಾಗುವ ನಿಯಮ. ಒಂದೇ ಸ್ವರಾಕ್ಷರ, ಅದರ ನಂತರ ಒಂದೇ ವ್ಯಂಜನ, ಉಚ್ಚರಿಸುವಾಗ ಒತ್ತು ಆ ಕೊನೆಯ ಭಾಗದ ಮೇಲೆ, ಈ ಮೂರೂ ಕೂಡಿದರೆ ವ್ಯಂಜನ ಎರಡಾಗುತ್ತದೆ: ಸ್ಟಾಪ್ಡ್‌ಗೆ ಎರಡು ಪಿ, ಪ್ಲ್ಯಾನ್ಡ್‌ಗೆ ಎರಡು ಎನ್, ಅಡ್ಮಿಟೆಡ್‌ಗೆ ಎರಡು ಟಿ. ವಿಸಿಟ್, ಓಪನ್, ಲಿಸನ್ ಪದಗಳಲ್ಲಿ ಒತ್ತು ಮೊದಲ ಭಾಗದ ಮೇಲಿರುವುದರಿಂದ ದ್ವಿತ್ವ ಇಲ್ಲ. ಟ್ರಾವೆಲ್‌ನಂಥ ಪದ ಮಾತ್ರ ಬ್ರಿಟಿಷ್ ಬರವಣಿಗೆಯಲ್ಲಿ ಈ ನಿಯಮಕ್ಕೆ ಜಗ್ಗದೆ ಎರಡು ಎಲ್ ತೆಗೆದುಕೊಳ್ಳುತ್ತದೆ. ವೈ ಅಕ್ಷರದ ಹಿಂದೆ ವ್ಯಂಜನ ಇದ್ದರೆ ವೈ ಹೋಗಿ ಐ-ಇ-ಡಿ, ಸ್ಟಡೀಡ್‌ನಂತೆ. ಹಿಂದೆ ಸ್ವರ ಇದ್ದರೆ ವೈ ಉಳಿಯುತ್ತದೆ, ಪ್ಲೇಡ್‌ನಂತೆ.

ಕೊನೆಗೆ ಆ ಪಟ್ಟಿಗೇ ಬರುತ್ತೇನೆ. ನಿಯಮಕ್ಕೆ ಸಿಕ್ಕದ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಇನ್ನೂರರ ಆಸುಪಾಸು. ನಿತ್ಯದ ಮಾತಿಗೆ ಬೇಕಾಗುವುದು ಅದರ ಮೂರನೇ ಒಂದು ಪಾಲು. ಆದರೆ ಬಿ, ಹ್ಯಾವ್, ಡು, ಸೇ, ಗೋ, ಗೆಟ್, ಮೇಕ್, ನೋ, ಥಿಂಕ್, ಟೇಕ್, ಸೀ, ಕಮ್ ಮುಂತಾದ ಅತಿ ಬಳಕೆಯ ಪದಗಳೆಲ್ಲ ಆ ಗುಂಪಿನಲ್ಲೇ ಇರುವುದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅಕಾರಾದಿಯಲ್ಲಿ ಜೋಡಿಸಿದ ಪಟ್ಟಿ ಹುಡುಕಲು ಚೆನ್ನ, ನೆನಪಿಡಲು ಕೆಟ್ಟದು. ಧ್ವನಿಯ ಪ್ರಕಾರ ಗುಂಪು ಮಾಡಿ. ಬದಲಾಗದವು: ಕಟ್, ಪುಟ್, ಹಿಟ್, ಶಟ್, ಲೆಟ್. ದೀರ್ಘ ಹೋಗಿ ಟಕಾರ ಬರುವವು: ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್, ಸ್ವೀಪ್-ಸ್ವೆಪ್ಟ್. ಡಕಾರ ಟಕಾರವಾಗುವವು: ಸೆಂಡ್-ಸೆಂಟ್, ಸ್ಪೆಂಡ್-ಸ್ಪೆಂಟ್, ಬಿಲ್ಡ್-ಬಿಲ್ಟ್. ಆಟ್ ಗುಂಪು: ಬಾಟ್, ಬ್ರಾಟ್, ಕಾಟ್, ಟಾಟ್, ಥಾಟ್. ಸಿಂಗ್-ಸ್ಯಾಂಗ್-ಸಂಗ್ ಗುಂಪಿಗೆ ಡ್ರಿಂಕ್, ರಿಂಗ್, ಸ್ವಿಮ್, ಬಿಗಿನ್ ಸೇರುತ್ತವೆ. ನೋ-ನ್ಯೂ-ನೋನ್ ಗುಂಪಿಗೆ ಗ್ರೋ, ಥ್ರೋ, ಬ್ಲೋ. ವಾರಕ್ಕೆ ಹತ್ತು ಪದ, ಒಂದೊಂದಕ್ಕೂ ಒಂದು ಹೌದು ವಾಕ್ಯ, ಒಂದು ಇಲ್ಲ ವಾಕ್ಯ, ಒಂದು ಪ್ರಶ್ನೆ, ಬರೆಯುವ ಮೊದಲು ಬಾಯಲ್ಲಿ. ಏಳನೇ ತರಗತಿ ಮುಗಿಯುವ ತನಕ ಮೊದಲ ಎರಡು ಕಾಲಮ್ ಸಾಕು ಎಂಬುದು ನನ್ನ ಅಭಿಪ್ರಾಯ. ಮೂರನೆಯದನ್ನು ಬೇಗ ಕೊಟ್ಟಷ್ಟೂ ಹ್ಯಾಡ್ ಬೇಕಾಬಿಟ್ಟಿ ಬೆಳೆಯುತ್ತದೆ.

ಕಿವಿಗೆ ಹತ್ತಿರದ ಜೋಡಿಗಳನ್ನು ಬೇರೆಯಾಗಿಯೇ ತಿದ್ದಬೇಕು. ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕೊಂಡರೆ ಬಾಟ್, ಮನೆಗೆ ತಂದರೆ ಬ್ರಾಟ್. ಬ್ರಿಂಗ್‌ನಲ್ಲಿ ರಕಾರ ಇದೆ, ಬ್ರಾಟ್‌ನಲ್ಲೂ ಇದೆ, ಬೈಗೂ ಬಾಟ್‌ಗೂ ಇಲ್ಲ. ಫಾಲ್ ಆದರೆ ಫೆಲ್, ಫೀಲ್ ಆದರೆ ಫೆಲ್ಟ್. ರೀಡ್ ಬರವಣಿಗೆಯಲ್ಲಿ ಬದಲಾಗದೆ ‘ರೆಡ್’ ಎಂದು ಕೇಳುತ್ತದೆ.

ವಿದ್ಯಾರ್ಥಿ ಪುಟಕ್ಕೆ ನನ್ನ ಸಲಹೆ ಇಷ್ಟು. ವಾರಕ್ಕೊಮ್ಮೆ ನಿಮ್ಮದೇ ಜಿಲ್ಲಾ ಪುಟದ ಮೂರು ಸಾಲಿನ ಸುದ್ದಿ ಆಯ್ದು ಅದರ ಪಕ್ಕ ಇಂಗ್ಲಿಷ್ ಕೊಡಿ. ಮಾದರಿಗೆ ಒಂದು ಕಲ್ಪಿತ ಸುದ್ದಿ: ‘ಘಟ್ಟದಲ್ಲಿ ಸೋಮವಾರ ರಾತ್ರಿ ಮರ ಬಿದ್ದು ಎರಡು ತಾಸು ಸಂಚಾರ ನಿಂತಿತ್ತು. ಆಗ ಭಾರಿ ಮಳೆ ಸುರಿಯುತ್ತಿತ್ತು. ಸಿಬ್ಬಂದಿ ಮರ ತೆರವುಗೊಳಿಸಿದ್ದಾರೆ.’ ಇಂಗ್ಲಿಷಿನಲ್ಲಿ: ‘ಎ ಟ್ರೀ ಫೆಲ್ ಆನ್ ದ ಘಾಟ್ ರೋಡ್ ಆನ್ ಮಂಡೇ ನೈಟ್ ಆ್ಯಂಡ್ ಟ್ರಾಫಿಕ್ ಸ್ಟಾಪ್ಡ್ ಫಾರ್ ಟೂ ಅವರ್ಸ್. ಇಟ್ ವಾಸ್ ರೇನಿಂಗ್ ಹೆವಿಲಿ. ದ ಸ್ಟಾಫ್ ಕ್ಲಿಯರ್ಡ್ ದ ಟ್ರೀ.’ ಕೆಳಗೆ ಟಿಪ್ಪಣಿ: ‘ಬಿದ್ದು’ ಇಲ್ಲಿ ‘ಫೆಲ್’ ಆಗಿದೆ. ‘ನಿಂತಿತ್ತು’ ಎಂದಿದ್ದರೂ ಹ್ಯಾಡ್ ಬಂದಿಲ್ಲ, ಏಕೆಂದರೆ ಅದಕ್ಕಿಂತ ಈಚಿನ ಇನ್ನೊಂದು ಸಂಗತಿಗೆ ಅದನ್ನು ಹೋಲಿಸುತ್ತಿಲ್ಲ. ‘ಗೊಳಿಸಿದ್ದಾರೆ’ ಎಂಬಲ್ಲಿ ಹ್ಯಾವ್ ಇಲ್ಲ, ಸೋಮವಾರ ರಾತ್ರಿಯ ಕಥೆ ಇನ್ನೂ ಮುಂದುವರಿದಿದೆ. ಜಾಗ ಇದ್ದರೆ ಅದರ ಕೆಳಗೆ ಇಂಥದ್ದೇ ಇನ್ನೊಂದು ಸುದ್ದಿಯನ್ನು ಉತ್ತರವಿಲ್ಲದೆ ಕೊಟ್ಟು, ಉತ್ತರವನ್ನು ಮುಂದಿನ ವಾರ ಹಾಕಿ.

ಇಂತಿ,
ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ